ಹಿಮವಿಲ್ಲದ ಸೀಮೆಯಲ್ಲಿ ಹಿಮದ ಹಾಡು

ಮಾರ್ಗಶಿರದ ಕೊರೆಯುವ ಚಳಿಯಲ್ಲಿ ದೀಪವನ್ನು ಹಿಡಿದು, ತಾಳ ತಂಬೂರಿಗಳೊಡನೆ ಬೀದಿಬೀದಿಗೂ ಹಾಡುತ್ತ ಹೋಗುವುದು ಕನ್ನಡನಾಡಿಗೆ ಹೊಸದಲ್ಲ. ಧನುರ್ಮಾಸದ ಬೆಳಗಿನ ಜಾವದಲ್ಲಿ ಭಜನೆಯ ಮೇಳಗಳು ಊರನ್ನೆಬ್ಬಿಸುವ ಕಾಲಕ್ಕೇ ಕ್ರೈಸ್ತಸಭೆಗಳ ಹಾಡುಗಾರರೂ ಕ್ರಿಸ್ತಜಯಂತಿಯ ಗೀತಗಳನ್ನು ಹಾಡುತ್ತ ಮನೆಯಿಂದ ಮನೆಗೆ ನಡೆಯುವರು. ಚಳಿಯೂ ಒಂದೇ, ನಡಿಗೆಯೂ ಒಂದೇ. ಹೀಗಿದ್ದರೂ ಮೊದಲನೆಯ ಮೇಳಕ್ಕೆ ಹಳ್ಳಿಗನು ತಾನೂ ದನಿಗೂಡಿಸುವನು. ಎರಡನೆಯದನ್ನು ಬಾಗಿಲಲ್ಲಿ ನಿಂತು ನೋಡುವನು, ಅಷ್ಟೆ. ಈ ಭೇದಕ್ಕೆ ಮತವೇ ಕಾರಣವೆಂದು ವಿದ್ಯಾವಂತರು ತೀರ್ಮಾನಿಸಿಬಿಡುವುದುಂಟು. ಆ ತೀರ್ಮಾನವು ಆತುರದ್ದು. ಕಾರಣವು ಮತದಲ್ಲಿರುವುದಕ್ಕಿಂತ ಹೆಚ್ಚಾಗಿ ಮಟ್ಟಿನಲ್ಲಿದೆ.

ಪರದೇಶದಿಂದ ಬಂದ ಮಿಷನರಿಗಳೂ ಅವರಿಂದ ಕಲಿತವರೂ ತಂಡ ಕಟ್ಟಿಕೊಂಡು ಹಳ್ಳಿಯ ಸಭೆಗಳಿಗೆ ಹೊತ್ತು ತಂದ ಹಾಡುಗಳಲ್ಲಿ ಅನೇಕವು ಇಂಗ್ಲಿಷ್ ಇಲ್ಲವೆ ಜರ್ಮನ್ ಮಟ್ಟುಗಳೊಳಗೆ ಕನ್ನಡದ ಮಾತುಗಳನ್ನು ತುರುಕಿದಂಥವು. ಇಂಗ್ಲಿಷ್ ಪದ್ಯವು ಅಕ್ಷರಗಳ ಒತ್ತಿನ ಮೇಲೆ ನಡೆಯತಕ್ಕದ್ದು. ಕನ್ನಡದ ಪದ್ಯವು ಮಾತ್ರೆಯ ಮೇಲೆ, ಎಂದರೆ ಹ್ರಸ್ವದೀರ್ಘಗಳ ಅಳತೆಯ ಮೇಲೆ, ನಿಂತಿರತಕ್ಕದ್ದು. ಆ ಕಡೆಯ ಅನೇಕ ಮಟ್ಟುಗಳು ಒತ್ತಿಲ್ಲದ ಅಕ್ಷರದಿಂದ ಮೊದಲಾಗುತ್ತವೆ. ಕನ್ನಡದ ಮಾತಾದರೋ ಮೊದಲಕ್ಷರದಲ್ಲಿಯೇ ಬಲವನ್ನು ಪಡೆಯುತ್ತದೆ. ಇವೆರಡನ್ನೂ ಬಲಾತ್ಕಾರದಿಂದ ಕೂಡಿಸಿದರೆ ಫಲವೇನು? ‘ಮನ’ವು ‘ಮಾನ’ವಾಗುತ್ತದೆ, ‘ಬಲ’ವು ‘ಬಾಲ’ವಾಗುತ್ತದೆ, ಬಡ ‘ಕುರಿ’ಯು ‘ಕೂರಿ’ ಎಂದು ಆಜ್ಞೆ ಮಾಡುತ್ತದೆ. ಸಂಗೀತದಲ್ಲಿ ಸ್ವರವನ್ನೆಳೆಯುವುದು ಎಲ್ಲೆಡೆಯೂ ಉಂಟೆಂದು ಯಾರಾದರೂ ಹೇಳಬಹುದು. ನಿಜ, ಆದರೆ ದಾಸರ ಪದದಲ್ಲಿ ಎಳೆತವು ಮಾತಿನ ನಡೆಯನ್ನು ಅನುಸರಿಸುತ್ತದೆ. ಎರವಲು ಮಟ್ಟಿನಲ್ಲಿಯೋ ಮಾತು ಎಳೆತಕ್ಕೆ ಸಿಕ್ಕಿ ಮುರಿಯುತ್ತದೆ. ಓದು ಬಾರದ ಕೇಳುಗನಿಗೆ ಪುಸ್ತಕದ ಆಸರೆಯೂ ಇಲ್ಲ. ಕಿವಿಗೆ ಬಿದ್ದದ್ದೇ ಅವನ ಪಾಲಿನ ಅರ್ಥ.

ಮಟ್ಟಿನ ಮಾತು ಹಾಗಿರಲಿ, ವಸ್ತುವನ್ನು ನೋಡಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಬಯಲುಸೀಮೆಯವು. ಡಿಸೆಂಬರಿನಲ್ಲಿ ಇಲ್ಲಿ ರಾಗಿಯ ಕಣದ ಕೆಲಸವಿರುತ್ತದೆಯೇ ಹೊರತು ಹಿಮ ಬೀಳುವುದಿಲ್ಲ. ಲೂಕನ ಸುವಾರ್ತೆಯಲ್ಲಿಯೂ ಹಿಮದ ಸುದ್ದಿಯಿಲ್ಲ. ಅಲ್ಲಿರುವುದು ರಾತ್ರಿಯಲ್ಲಿ ಹೊಲದಲ್ಲಿದ್ದುಕೊಂಡು ಮಂದೆ ಕಾಯುತ್ತಿದ್ದ ಕುರುಬರ ಸಂಗತಿ. ಶಿಶುವು ಹುಟ್ಟಿದ ವಾರ್ತೆಯು ಅರಮನೆಗಿಂತ ಮೊದಲು ಅವರಿಗೆ ತಿಳಿಯಿತೆಂಬುದೇ ಆ ಕಥೆಯ ಹೃದಯ. ಕುರಿಮಂದೆಯೂ ರೊಪ್ಪವೂ ಕಂಬಳಿಯೂ ಶಿರಾ ಪಾವಗಡಗಳ ಹಳ್ಳಿಗನಿಗೆ ಹುಟ್ಟಿನಿಂದ ಬಂದ ಪರಿಚಯ. ಶಿರಾ ಸೀಮೆಯ ಕಾಡುಗೊಲ್ಲರು ದನಗಾಹಿಯಾದ ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆಯ ನಾದದೊಡನೆ ಹಾಡುವರು. ಇಂಥ ಜನರ ಮುಂದೆ ಮಂದೆ ಕಾಯುವವರ ಕಥೆಯನ್ನು ಹೇಳಹೊರಟು, ಗಣೆಯನ್ನು ಮರೆತು, ಎಂದೂ ಕಾಣದ ಹಿಮವನ್ನು ವರ್ಣಿಸುವುದು ಎಂತಹ ವಿಪರ್ಯಾಸ!

ಮಿಷನರಿಗಳೆಲ್ಲರೂ ಹೀಗೆಯೇ ನಡೆದರೆಂದರೆ ಅನ್ಯಾಯವಾದೀತು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಪಂಡಿತನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದು ಸರ್ವವಿದಿತವಷ್ಟೆ; ಆತನೇ 1850ರಲ್ಲಿ ಹರಿದಾಸರ ಪದಗಳನ್ನು ಅಚ್ಚು ಹಾಕಿಸಿದನು. ಕಿಟ್ಟೆಲನು 1862ರಲ್ಲಿ ಕ್ರಿಸ್ತಚರಿತವನ್ನು ‘ಕಥಾಮಾಲೆ’ಯೆಂಬ ಹೆಸರಿನಲ್ಲಿ ದೇಶೀಯವಾದ ಪದ್ಯರೀತಿಯಲ್ಲಿ ರಚಿಸಿದನು, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದನು, 1894ರ ನಿಘಂಟು ಆತನ ಕೀರ್ತಿಸ್ತಂಭ. ಕನ್ನಡಕ್ಕೆ ಕನ್ನಡದ ಹಾಡೇ ಬೇಕೆಂಬುದನ್ನು ಜರ್ಮನಿಯಲ್ಲಿ ಹುಟ್ಟಿದವನು ಅರಿತನು. ನೆರೆಯ ತಂಜಾವೂರಿನಲ್ಲಿ ವೇದನಾಯಕ ಶಾಸ್ತ್ರಿಗಳು ತಮಿಳು ಕೀರ್ತನೆಗಳನ್ನೂ, ಮಹಾರಾಷ್ಟ್ರದಲ್ಲಿ ನಾರಾಯಣ ವಾಮನ ತಿಲಕರು ಅಭಂಗಗಳನ್ನೂ ಕ್ರಿಸ್ತಭಕ್ತಿಗೆ ಒದಗಿಸಿದರು. ಇದೇ ಜಿಲ್ಲೆಯ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ 1830ರ ದಶಕದಲ್ಲಿಯೇ ನೆಲೆಯೂರಿತು. ಇಷ್ಟು ದೀರ್ಘಕಾಲ ಕಳೆದ ಮೇಲೆಯೂ ಹಳ್ಳಿಗೆ ಹೊರಡುವ ತಂಡವು ಎರವಲು ಮಟ್ಟನ್ನೇ ನೆಚ್ಚಿಕೊಂಡಿದ್ದರೆ ಅದಕ್ಕೆ ಸಮಾಧಾನವೇನು?

‘ಮೂಲದ ಮಟ್ಟುಗಳೇ ಪವಿತ್ರ’ ಎಂದು ಕೆಲವರು ವಾದಿಸುವರು. ಹಾಗಾದರೆ ಮೂಲವನ್ನೇ ಪರೀಕ್ಷಿಸಬೇಕು. ಲೂಥರನು 1524ರ ಸುಮಾರಿಗೆ ಲ್ಯಾಟಿನ್ನಿನಿಂದ ಬಿಡಿಸಿ ಜನರ ಜರ್ಮನ್ ಮಾತಿನಲ್ಲಿ ಸಭೆಯ ಹಾಡುಗಳನ್ನು ಕಟ್ಟಿದನು. ಜಗತ್ತೆಲ್ಲ ಹಾಡುವ ‘ಶಾಂತ ರಾತ್ರಿ’ಯ ಹಾಡನ್ನು ಬರೆದವನು ಆಸ್ಟ್ರಿಯಾದ ಒಬ್ಬ ಬಡ ಪಾದ್ರಿ, 1818ರಲ್ಲಿ ಅದಕ್ಕೆ ಮಟ್ಟು ಹಾಕಿದವನು ಹಳ್ಳಿಯ ಉಪಾಧ್ಯಾಯ, ಅದನ್ನು ದೇಶದೇಶಗಳಿಗೆ ಒಯ್ದವರು ತಿರೋಲ್ ಬೆಟ್ಟನಾಡಿನ ಸಂಚಾರೀ ಹಾಡುಗಾರರು. ಎಂದರೆ ಆ ಹಾಡೂ ಮೊದಲು ಒಂದು ಹಳ್ಳಿಯದೇ. ಅದನ್ನು ಅನುಕರಿಸಬೇಕೆಂದಿದ್ದರೆ ಅದರ ಸ್ವರವನ್ನಲ್ಲ, ಅದು ಹುಟ್ಟಿದ ಬಗೆಯನ್ನು ಅನುಕರಿಸತಕ್ಕದ್ದು. ರೋಮಿನ ಧರ್ಮಸಭೆಯು ಕೂಡ 1963ರಲ್ಲಿ ಆಯಾ ಜನರ ಸಂಗೀತಸಂಪ್ರದಾಯಕ್ಕೆ ಉಪಾಸನೆಯಲ್ಲಿ ತಕ್ಕ ಸ್ಥಾನವಿರಬೇಕೆಂದು ವಿಧಿಸಿತು.

ತಲೆಮಾರುಗಳಿಂದ ಹಾಡಿಕೊಂಡು ಬಂದ ಮಟ್ಟುಗಳ ಮೇಲೆ ಇಲ್ಲಿಯ ಕ್ರೈಸ್ತರಿಗೆ ಪ್ರೀತಿಯಿರುವುದು ಸಹಜವೇ; ಅಜ್ಜಿಯ ಬಾಯಿಂದ ಕಲಿತದ್ದನ್ನು ಬಿಡೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಬಿಡಬೇಕಾದುದು ಹಾಡನ್ನಲ್ಲ, ‘ಇದೊಂದೇ ಹಾಡು’ ಎಂಬ ಭ್ರಾಂತಿಯನ್ನು.

ಎದುರು ಪಕ್ಷದ ಆಕ್ಷೇಪವು ಇನ್ನೂ ತೀಕ್ಷ್ಣವಾದುದು: ‘ಕ್ರೈಸ್ತರು ಷಟ್ಪದಿಯಲ್ಲಿ ಹಾಡಿದರೆ ಅದು ವೇಷ, ಜನರನ್ನೊಲಿಸಿಕೊಳ್ಳುವ ಉಪಾಯ’ ಎಂಬುದು. ಹಾಗೆನ್ನುವವರು ಕನ್ನಡ ಛಂದಸ್ಸಿನ ಚರಿತ್ರೆಯನ್ನು ಒಮ್ಮೆ ನೆನೆಯಲಿ. ಷಟ್ಪದಿಯಲ್ಲಿ ವೀರಶೈವನಾದ ರಾಘವಾಂಕನು ಬರೆದನು, ಭಾಗವತನಾದ ಕುಮಾರವ್ಯಾಸನೂ ಬರೆದನು. ಸಾಂಗತ್ಯವನ್ನು ಜೈನನಾದ ರತ್ನಾಕರವರ್ಣಿಯು ಶಿಖರಕ್ಕೇರಿಸಿದನು. ತತ್ತ್ವಪದವನ್ನು ಮುಸಲ್ಮಾನರ ಮನೆಯಲ್ಲಿ ಹುಟ್ಟಿದ ಶಿಶುನಾಳದ ಷರೀಫ ಸಾಹೇಬರು ಹಾಡಿದರು. ಇವರಲ್ಲಿ ಯಾರದು ವೇಷ? ಛಂದಸ್ಸಿಗೆ ಜಾತಿಯಿಲ್ಲ, ಕನ್ನಡವನ್ನಾಡುವವರೆಲ್ಲರೂ ಅದಕ್ಕೆ ಹಕ್ಕುದಾರರು. ಕ್ರೈಸ್ತ ಕನ್ನಡಿಗನು ಪರದೇಶದ ಮಟ್ಟಿನಲ್ಲಿ ಹಾಡಿದರೆ ‘ಪರಕೀಯ’ನೆಂದೂ, ದೇಶದ ಮಟ್ಟಿನಲ್ಲಿ ಹಾಡಿದರೆ ‘ಕಪಟಿ’ಯೆಂದೂ ಜರೆಯುವುದಾದರೆ ಅವನು ಬಾಯನ್ನೇ ಹೊಲಿದುಕೊಳ್ಳಬೇಕೆ?

ಹೀಗೆ ಜರೆಯುವ ವಿದ್ಯಾವಂತರ ಮನೆಗಳ ಸ್ಥಿತಿಯಾದರೂ ಏನು? ಡಿಸೆಂಬರ್ ಬಂತೆಂದರೆ ಇಂಗ್ಲಿಷ್ ಶಾಲೆಯ ಮಗುವು ಗಂಟೆ ಕಟ್ಟಿದ ಜಾರುಬಂಡಿಯ ಹಾಡನ್ನು ಒಪ್ಪಿಸುವುದು, ತಾಯಿತಂದೆಗಳು ಹಿಗ್ಗುವರು. 1857ರಲ್ಲಿ ಅಮೇರಿಕದಲ್ಲಿ ಅಚ್ಚಾದ ಆ ಹಾಡಿನಲ್ಲಿ ಕ್ರಿಸ್ತನ ಹೆಸರೂ ಇಲ್ಲ, ಕ್ರಿಸ್‌ಮಸ್ಸಿನ ಮಾತೂ ಇಲ್ಲ. ಅದೇ ಮಗುವಿಗೆ ಒಂದು ಸೋಬಾನೆಯಾಗಲಿ ಕೋಲಾಟದ ಪದವಾಗಲಿ ಬಾರದು. ಮಿಷನರಿಯು ಹಳ್ಳಿಯ ಕಿವಿಯನ್ನು ಅರಿಯಲಿಲ್ಲವೆಂದು ದೂರುವ ಮನೆಯು ಹಳ್ಳಿಯ ಬಾಯನ್ನೇ ಮರೆತಿದೆ.

ಆದುದರಿಂದ ಹಾಡಲು ಹೊರಡುವ ತಂಡವು ಮೊದಲು ಕೇಳಲು ಕಲಿಯಬೇಕು. ಒಂದು ಹಳ್ಳಿಯಲ್ಲಿ ನಾಲ್ಕು ಹಾಡು ಹಾಡಿದರೆ ಎರಡನ್ನಾದರೂ ಆ ಹಳ್ಳಿಯವರಿಂದ ಕೇಳಿಕೊಂಡು ಬರಬೇಕು. ತೆಲುಗಿನ ಗಾಳಿ ಬೀಸುವ ಪಾವಗಡದಲ್ಲಿ ತೆಲುಗು ಪದಕ್ಕೂ ಎಡೆ ಕೊಡಬೇಕು. ಊರಿನ ವಿದ್ಯಾವಂತರೂ ಬಾಗಿಲನ್ನು ತೆರೆದು, ಹಾಡಿನವರನ್ನು ಕೂರಿಸಿ, ಮಾತು ಕೆಟ್ಟಲ್ಲಿ ಸ್ನೇಹದಿಂದ ತಿದ್ದಬೇಕು. ಕಿಟ್ಟೆಲನು ಹಾಕಿಕೊಟ್ಟ ದಾರಿಯಲ್ಲಿ ಹುಲ್ಲು ಬೆಳೆದಿದೆ, ದಾರಿ ಅಳಿದಿಲ್ಲ. ಅದರಲ್ಲಿ ನಡೆಯುವ ಕಾಲುಗಳು ಬೇಕು, ಅಷ್ಟೆ.