ಹೆಸರು ಕುವೆಂಪು ಅವರದು, ಬೆಳಕು ಹಗಲಿನದು

ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದಾಗ, ಕೋಲ್ಕತ್ತದ ಸೆಕ್ಟರ್ ಫೈವ್‌ನಲ್ಲಿ ದುಡಿಯುವ ಮಲೆನಾಡಿಗರಾದ ನಾವು ಹಿಗ್ಗಿದೆವು. ಯಡಿಯೂರಪ್ಪನವರು ತಮ್ಮ ಹೆಸರು ಬೇಡವೆಂದು ಕುವೆಂಪು ಅವರ ಹೆಸರನ್ನು ಸೂಚಿಸಿದ್ದು ಉಚಿತವೇ. ಆದರೆ 3200 ಮೀಟರಿನ ಆ ರನ್‌ವೇಯಲ್ಲಿ ನಿಗದಿತ ಪ್ರಯಾಣಿಕ ವಿಮಾನ ಮೊದಲು ಇಳಿದದ್ದು ಆಗಸ್ಟ್ 31ಕ್ಕೆ. ಅದೂ ಪುಟ್ಟ ಎಟಿಆರ್. ಇರುಳಿನಲ್ಲಿ ಇಳಿಯುವ ವ್ಯವಸ್ಥೆಯಿಲ್ಲದೆಯೇ ಬಾಗಿಲು ತೆರೆದಿದ್ದರು! ಮಲೆನಾಡಿನಲ್ಲಿ ಮಳೆ ಹಿಡಿಯುತ್ತದೆ, ಮಂಜು ಕವಿಯುತ್ತದೆ ಎಂದು ತಿಳಿಯಲು ಯಾವ ತಜ್ಞರ ಸಮಿತಿ ಬೇಕಿತ್ತು? ತಾವರೆಯಾಕಾರದ ಟರ್ಮಿನಲ್ಲಿಗಿಂತ ಮೊದಲು ದೀಪ, ಉಪಕರಣಗಳು ಬರಬೇಕಿತ್ತು. ಉದ್ಘಾಟನೆಗಳು ಹಗಲಿನಲ್ಲೇ ನಡೆಯುತ್ತವಾದ್ದರಿಂದ ಅವುಗಳ ಕೊರತೆ ಯಾರಿಗೂ ಕಾಣಲಿಲ್ಲವೇನೋ. ಸಂಜೆ ಬೆಂಗಳೂರಿಗೆ ಬಂದಿಳಿಯುವ ನಾವು ಈಗಲೂ ಹತ್ತುವುದು ರಾತ್ರಿ ಬಸ್ಸನ್ನೇ.