ಸೊಪ್ಪಿನ ಲಂಗ ಬಿಡೋಣ, ಹಾಡು ಕಲಿಯೋಣ



ರಾಜ್ಯೋತ್ಸವದ ತಯಾರಿ ಶುರುವಾಗಿದೆ. ಮಕ್ಕಳ ನೃತ್ಯಕ್ಕೆ ಹಾಡುಗಳ ಪಟ್ಟಿ ಓಡಾಡುತ್ತಿದೆ. ಎಂದಿನಂತೆ ಅದರಲ್ಲಿ ಸೋಲಿಗರ ‘ಗೊರುಕನ’ವೂ ಇದೆ. ಆ ನೆಪದಲ್ಲಿ ಒಂದು ಮಾತು ಹೇಳಬೇಕು ಅನಿಸಿತು.

ಕೆಲವು ವರ್ಷಗಳ ಹಿಂದೆ ನನ್ನ ಮಗಳೂ ಇದೇ ಹಾಡಿಗೆ ಕುಣಿದಿದ್ದಳು. ಹಸಿರು ಕಾಗದ ಕತ್ತರಿಸಿ ಸೊಪ್ಪಿನ ಲಂಗ ಮಾಡಿಕೊಟ್ಟವನು ನಾನೇ. ಮುಖಕ್ಕೆ ಬಿಳಿ ಚುಕ್ಕೆ, ಕೈಗೆ ರಟ್ಟಿನ ಈಟಿ. ಚಪ್ಪಾಳೆಯೋ ಚಪ್ಪಾಳೆ! ಯಳಂದೂರು ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದ ನಮ್ಮಪ್ಪ ಮಾತ್ರ ಕಾರಿನಲ್ಲಿ ಸುಮ್ಮನೆ ಕೂತಿದ್ದರು. ಓವರ್‌ಲೇಕ್ ತಲುಪುವ ಹೊತ್ತಿಗೆ ಬಾಯಿಬಿಟ್ಟರು: “ಸೋಲಿಗರು ಹಿಂಗಾ ಇರೋದು? ನಮ್ಮೂರ ಸಂತೆಗೆ ಜೇನು ತರೋರು ಪಂಚೆ, ಅಂಗೀಲೇ ಬರ್ತಿದ್ರು ಕಣೋ. ಆ ಈಟಿ ಎಲ್ಲಿಂದ ತಂದೆ ನೀನು?”

ನನ್ನ ಬಳಿ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಬಿಳಿಗಿರಿರಂಗನನ್ನು ಸೋಲಿಗರು ಭಾವ ಎಂದು ಕರೆಯುತ್ತಾರೆ, ತಮ್ಮ ಮನೆಮಗಳು ಕುಸುಮಾಲೆಯನ್ನು ಆತ ಮದುವೆಯಾದನೆಂಬ ನಂಟಿನಿಂದ. ಅವರ ನುಡಿ ನಮ್ಮ ಕನ್ನಡಕ್ಕೆ ತೀರಾ ಹತ್ತಿರ. 1974ರಲ್ಲಿ ಅವರ ಕಾಡು ವನ್ಯಧಾಮವಾಯಿತು, ಪೋಡುಗಳು ಕಾಡಿನೊಳಗಿಂದ ಎದ್ದು ಬರಬೇಕಾಯಿತು. ಹೋರಾಟದ ನಂತರ 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಇಷ್ಟೆಲ್ಲ ಕಂಡವರ ಹಾಡನ್ನು ನಾವು ಐದು ನಿಮಿಷದ ತಮಾಷೆ ಮಾಡಿಬಿಟ್ಟಿದ್ದೆವು.

ಈಗ ನಾವಿರುವ ಊರಿಗೆ ಬನ್ನಿ. ರೆಡ್ಮಂಡ್ ಟೌನ್ ಸೆಂಟರ್ ಪಕ್ಕದ ಬೇರ್ ಕ್ರೀಕ್ ದಂಡೆಯಲ್ಲಿ 10,000 ವರ್ಷಕ್ಕೂ ಹಳೆಯ ಕಲ್ಲಿನ ಆಯುಧಗಳು ಸಿಕ್ಕಿವೆ. ನಾವು ವಾರಾಂತ್ಯದಲ್ಲಿ ಕ್ರಿಕೆಟ್ ಆಡುವ ಮೇರಿಮೂರ್ ಪಾರ್ಕ್ ಇರುವ ಸಮಾಮಿಶ್ ಸರೋವರದ ತೀರ, ಅದೇ ಹೆಸರಿನ ಜನರ ನೆಲ. 1855ರ ಜನವರಿಯಲ್ಲಿ ಮುಕಿಲ್ಟಿಯೋದಲ್ಲಿ ಆದ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ಈ ಸೀಮೆ ಕೈಬದಲಾಯಿತು. ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಿ, ತಾಯಿನುಡಿ ಆಡಿದರೆ ಶಿಕ್ಷಿಸಿದರು. ಅದಕ್ಕಾಗಿ ಅಮೆರಿಕದ ಅಧ್ಯಕ್ಷರೊಬ್ಬರು ಕ್ಷಮೆ ಕೇಳಿದ್ದು 2024ರ ಅಕ್ಟೋಬರ್‌ನಲ್ಲಿ! ಭಾನುವಾರ ಕನ್ನಡ ಕಲಿ ತರಗತಿಗೆ ಮಕ್ಕಳನ್ನು ಕರೆದೊಯ್ಯುವ ನಮಗೆ ಈ ನೋವು ಅರ್ಥವಾಗದೇ ಇರುತ್ತದೆಯೇ?

ಅಪ್ಪರ್ ಸ್ಕಾಜಿಟ್ ಬುಡಕಟ್ಟಿನ ವೈ ಹಿಲ್ಬರ್ಟ್ ಎಂಬ ಹಿರಿಯಾಕೆ ಇದ್ದರು. ತಮ್ಮ ಲುಶೂಟ್‌ಸೀಡ್ ನುಡಿಯನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಲಿಸಿ ಉಳಿಸಿದವರು. 2001ರ ಸೆಪ್ಟೆಂಬರ್ ದಾಳಿಯ ನಂತರ, ನೊಂದ ಜಗತ್ತಿಗೆ ಮದ್ದಾಗಬಲ್ಲ ಸಂಗೀತ ಬೇಕೆಂದು ತಮ್ಮ ಜನರ ಪವಿತ್ರ ಹಾಡುಗಳನ್ನು ಸಂಯೋಜಕ ಬ್ರೂಸ್ ರಡೆಲ್ ಅವರಿಗೆ ನಂಬಿ ಒಪ್ಪಿಸಿದರು. ಅದರಿಂದ ಮೂಡಿದ ಸಿಂಫನಿಯನ್ನು 2006ರಲ್ಲಿ ಬೆನರೋಯಾ ಹಾಲ್‌ನಲ್ಲಿ ಸಿಯಾಟಲ್ ಸಿಂಫನಿ ನುಡಿಸಿತು. ನೋಯಿಸಿಕೊಂಡವರೇ ಮದ್ದು ಕೊಟ್ಟರು! ಆದರೆ ಗಮನಿಸಿ, ಕೊಟ್ಟವರು ಅವರು. ಇಲ್ಲಿನ ಮೂಲನಿವಾಸಿಗಳಲ್ಲಿ ಎಷ್ಟೋ ಹಾಡುಗಳು ಒಂದು ಮನೆತನದ ಆಸ್ತಿ. ಅಪ್ಪಣೆ ಇಲ್ಲದೆ ಬೇರೆಯವರು ಹಾಡುವಂತಿಲ್ಲ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಜಿಟಿಲ್ ಮೂರ್ನಾ ಎಂಬ ಗಾಯನ ತಂಡವಿದೆ. ಮೂಲನಿವಾಸಿ ನೂಂಗಾರ್ ಜನರ ಹಾಡುಗಳನ್ನು ಅಲ್ಲಿ ಅವರೂ ಉಳಿದವರೂ ಕೂಡಿ ಹಾಡುತ್ತಾರೆ. ಮುರಿದ ಮನಸ್ಸು ಕೂಡಿಸಲು ಭಾಷಣಕ್ಕಿಂತ ಇದು ಒಳ್ಳೆಯ ದಾರಿ ಅಂತ ನನ್ನ ಅನಿಸಿಕೆ. ಇನ್ನೊಬ್ಬರ ಹಾಡು ಕಲಿಯಬೇಕಾದರೆ ಅವರ ಬಾಯಿ ನೋಡಬೇಕು, ತಪ್ಪು ತಿದ್ದಿಸಿಕೊಳ್ಳಬೇಕು. ಆಗ ನಾವು ಶಿಷ್ಯರು, ಅವರು ಗುರುಗಳು.

“ನಾವೇ ಬ್ರಿಟಿಷರ ಕೈಲಿ ಆಳಿಸಿಕೊಂಡವರು, ಮೊನ್ನೆ ಮೊನ್ನೆ ಇಲ್ಲಿಗೆ ಬಂದವರು, ಈ ತಪ್ಪು ನಮ್ಮದು ಹೇಗಾಗುತ್ತದೆ?” ಅಂತ ಗೆಳೆಯರೊಬ್ಬರು ಕೇಳಿದರು. ನಿಜ, ಒಪ್ಪಂದಕ್ಕೆ ರುಜು ಹಾಕಿದವರು ನಾವಲ್ಲ. ಆದರೆ ಆ ಒಪ್ಪಂದದ ಮೇಲೆ ನಿಂತ ಊರಿನಲ್ಲೇ ನಮ್ಮ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ. ಸೋಲಿಗರ ವಿಷಯದಲ್ಲಂತೂ ಹೊರಗಿನವರು ಅಂತ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಹಾಗಾಗಿ ಮೊದಲು ನಮ್ಮ ಮನೆಯ ಸಾಲ ತೀರಿಸೋಣ.

ನನ್ನ ಸಲಹೆ ಇಷ್ಟೇ. ಈ ವರ್ಷ ಗೊರುಕನಕ್ಕೆ ಸೊಪ್ಪಿನ ಲಂಗ ಬೇಡ. ಬಿಳಿಗಿರಿಯ ಹಾಡುಗಾರರನ್ನೇ ವಿಡಿಯೋ ಕರೆಯಲ್ಲಿ ಕಲಿಸಿಕೊಡಿ ಎಂದು ಕೇಳೋಣ, ಸಂಭಾವನೆ ಕೊಡೋಣ. ವೇದಿಕೆಯಲ್ಲಿ ಎರಡು ನಿಮಿಷ ಅವರ ಕಥೆ ಹೇಳೋಣ. ಇಲ್ಲಿನ ಬುಡಕಟ್ಟಿನ ಹಿರಿಯರೊಬ್ಬರನ್ನು ಅತಿಥಿಯಾಗಿ ಕರೆಯೋಣ. ಅವರು ಹಾಡಿದರೆ ಕೇಳೋಣ, ಕಲಿಸಿದರೆ ಕಲಿಯೋಣ, ಸುಮ್ಮನಿದ್ದರೆ ಊಟ ಬಡಿಸೋಣ.

ಈ ಗಾಯನ ತಂಡಕ್ಕೆ ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಮರೆಯದೆ ಸೇರಿಸಿಕೊಳ್ಳಿ. ಮಳೆಗಾಲದ ಮಧ್ಯಾಹ್ನ, ನಾವೆಲ್ಲ ಆಫೀಸಿಗೆ ಹೋದ ಮೇಲೆ, ಅಪಾರ್ಟ್‌ಮೆಂಟಿನ ಕಿಟಕಿ ನೋಡುತ್ತಾ ಕೂರುವವರು ಅವರು. ವಾರಕ್ಕೊಮ್ಮೆ ಹತ್ತು ಜನರ ಜೊತೆ ಉಸಿರು ಕೂಡಿಸಿ ಹಾಡಿದರೆ ಎದೆ ಹಗುರಾಗುತ್ತದೆ. ನಮ್ಮಪ್ಪ ಮುಂದಿನ ಸಲ ಬಂದಾಗ ಮೊದಲ ಸಾಲಿನಲ್ಲಿ ನಿಲ್ಲಿಸುವ ಆಸೆ ನನಗೆ. ಅವರು ಬರುವುದರೊಳಗೆ ಆ ಈಟಿಯನ್ನು ಕಸದ ಬುಟ್ಟಿಗೆ ಹಾಕಬೇಕು, ಗ್ಯಾರೇಜಿನಲ್ಲಿ ಇನ್ನೂ ಇದೆ.

ಏನಂತೀರಿ?


ಓವರ್‌ಲೇಕ್‌ನಿಂದ ನಿಮ್ಮವನೊಬ್ಬ