ಅಪ್ಪನ ಯೆಜ್ಡಿಗೆ ತಗಡಿನ ಸೂಪರ್‌ಚಾರ್ಜರ್

‘ಫಾಸ್ಟ್ ಅಂಡ್ ಫ್ಯೂರಿಯಸ್’ ಮೊದಲ ಸಿನಿಮಾದಲ್ಲಿ (2001) ಒಂದು ಕಪ್ಪು ಡಾಡ್ಜ್ ಚಾರ್ಜರ್ ಬರುತ್ತಲ್ಲ, 1970ರ ಮಾಡೆಲ್ಲು? ಅದರ ಬಾನೆಟ್ ಸೀಳಿಕೊಂಡು ಮೇಲೆ ನಿಂತಿರೋದೇ ಸೂಪರ್‌ಚಾರ್ಜರ್. ಎಂಜಿನ್ ತಾನಾಗಿ ಎಳೆದುಕೊಳ್ಳೋದಕ್ಕಿಂತ ಹೆಚ್ಚು ಗಾಳಿಯನ್ನು ಒತ್ತಿ ಒಳಗೆ ತುಂಬೋದು ಅದರ ಕೆಲಸ. ಗಾಳಿ ಜಾಸ್ತಿ ಹೋದರೆ ಪೆಟ್ರೋಲ್ ಜಾಸ್ತಿ ಉರಿಸಬಹುದು, ಶಕ್ತಿ ಹೆಚ್ಚುತ್ತೆ. ಆದರೆ ಆ ಪಂಪನ್ನು ತಿರುಗಿಸೋಕೆ ಬೆಲ್ಟ್ ಬೇಕು. ಬೆಲ್ಟು ಎಂಜಿನ್ನಿನ ಶಕ್ತಿಯಲ್ಲೇ ಒಂದಿಷ್ಟನ್ನು ನುಂಗುತ್ತೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಡಾಡ್ಜ್ ಎಲ್ಲಿಂದ ಬರಬೇಕು? ನಮ್ಮ ಮಸಲ್ ಕಾರು ಅಂದ್ರೆ ಯೆಜ್ಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ತಯಾರಾದ ಗಾಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ಓಡ್ತಾ ಇವೆ. ಒಂದೇ ಸಿಲಿಂಡರ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ಕರ್, ಗೇರ್ ಎರಡಕ್ಕೂ ಒಂದೇ ಲಿವರ್.

ಅಪ್ಪನ ಯೆಜ್ಡಿ ಎರಡು ವರ್ಷದಿಂದ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ನಿಂತಿತ್ತು. ಮಂಡಿನೋವು, ಅವರಿಗೆ ಕಿಕ್ ಹೊಡೆಯೋಕಾಗಲ್ಲ. ಗುಜರಿಯವರು ಎರಡು ಸಲ ಬಂದು ರೇಟು ಕೇಳಿ ಹೋಗಿದ್ದರು. ಮನೆಯಲ್ಲಿ ಅಮ್ಮ ಹೆಚ್ಚುಕಡಿಮೆ ಒಪ್ಪಿದ್ದರು, ಅಪ್ಪ ಬಾಯಿ ಬಿಡ್ತಿರಲಿಲ್ಲ. ವೀಕೆಂಡಿಗೆ ಬೆಂಗಳೂರಿಂದ ಹೋಗೋ ನಾನು, ಚಿಕ್ಕಪ್ಪನ ಮಗ ಇಬ್ಬರೂ ಸೇರಿ ಎಂಜಿನ್ ಬಿಚ್ಚಿದೆವು. ಗಾಡಿ ಸ್ಟಾರ್ಟ್ ಆದ ಮೇಲೆ ತಮ್ಮನ ತಲೆಗೆ ಬಂದದ್ದು ಒಂದೇ: “ಅಣ್ಣ, ಪವರ್ ಜಾಸ್ತಿ ಮಾಡೋಣ. ಸೈಲೆನ್ಸರ್ ಕೊಯ್ದು ಒಳಗಿಂದೆಲ್ಲ ಕಿತ್ತಾಕಿಬಿಡೋಣ.”

ಇಲ್ಲಿ ಒಂದು ಮಾತು ತಿಳ್ಕೊಬೇಕು. ಸದ್ದು ಬೇರೆ, ಶಕ್ತಿ ಬೇರೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರ್ ಬರೀ ಹೊಗೆ ಕೊಳವೆಯಲ್ಲ, ಎಂಜಿನ್ನಿನದೇ ಒಂದು ಭಾಗ. ಅದನ್ನು ಸುಮ್ಮನೆ ಟೊಳ್ಳು ಮಾಡಿದರೆ ಊರಿಗೆಲ್ಲ ಕೇಳಿಸುತ್ತೆ, ಗಾಡಿ ಏನೂ ಎಳೆಯಲ್ಲ.

ಇದರ ಹಿಂದೆ ಒಳ್ಳೆ ಕಥೆ ಇದೆ. 1930ರ ದಶಕದಲ್ಲಿ ಜರ್ಮನಿಯ ಡಿಕೆಡಬ್ಲ್ಯು ತನ್ನ ಟೂ-ಸ್ಟ್ರೋಕ್ ರೇಸ್ ಬೈಕಿಗೆ ಗಾಳಿ ಒತ್ತಲೆಂದೇ ಇನ್ನೊಂದು ಪಿಸ್ಟನ್ ಇಟ್ಟಿತ್ತು. ಅದೂ ಸೂಪರ್‌ಚಾರ್ಜರೇ. ಆ ಬೈಕಿನಲ್ಲಿ 1938ರಲ್ಲಿ ಐಲ್ ಆಫ್ ಮ್ಯಾನ್ ಟಿಟಿ ಗೆದ್ದರು. ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ರೇಸಿನಲ್ಲಿ ಸೂಪರ್‌ಚಾರ್ಜರ್ ನಿಷೇಧವಾಯಿತು. ಡಿಕೆಡಬ್ಲ್ಯುನ ಹಳೇ ಕಾರ್ಖಾನೆ ಪೂರ್ವ ಜರ್ಮನಿ ಪಾಲಾಗಿ ಎಂಜೆಡ್ ಆಯಿತು. ಅಲ್ಲಿನ ಎಂಜಿನಿಯರ್ ವಾಲ್ಟರ್ ಕಾಡೆನ್, ಪಂಪ್ ಇಲ್ಲದಿದ್ದರೆ ಏನಂತೆ, ಹೊಗೆ ಕೊಳವೆಯ ಒಳಗಿನ ಒತ್ತಡದ ಅಲೆಯಿಂದಲೇ ಆ ಕೆಲಸ ಮಾಡಿಸಿದರು. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು, ಅಂದ್ರೆ ಲೀಟರಿಗೆ 200. ಅದೇ ವರ್ಷ ಅವರ ಸವಾರ ಎರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ನಂತರ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದರು. ವಿದ್ಯೆಯೂ ಜೊತೆಗೆ ಹೋಯಿತು. 1962ರಲ್ಲಿ 50 ಸಿಸಿ ವಿಶ್ವ ಪ್ರಶಸ್ತಿ ಸುಜುಕಿಗೆ ಬಂತು.

ಆ ಕೊಳವೆ ನೋಡೋಕೆ ಹೊಟ್ಟೆ ಉಬ್ಬಿದ ಹಾವಿನ ಹಾಗೆ. ಮೊದಲು ಸಣ್ಣ ಪೈಪು, ಆಮೇಲೆ ಅಗಲವಾಗುವ ಕೋನ್, ಹೊಟ್ಟೆ, ಮತ್ತೆ ಕಿರಿದಾಗುವ ಕೋನ್, ಕೊನೆಗೆ ಸಣ್ಣ ಬಾಲ. ಹೊಗೆ ಬಾಗಿಲು ತೆರೆದಾಗ ಒತ್ತಡದ ಅಲೆ ಹೊರಡುತ್ತೆ. ಅಗಲವಾಗುವ ಕೋನ್ ಹಿಂದಕ್ಕೆ ಎಳೆತ ಕಳಿಸಿ ಸುಟ್ಟ ಹೊಗೆಯನ್ನು ಹೊರಗೆ ಎಳೆಯುತ್ತೆ. ಜೊತೆಗೆ ಒಂದಿಷ್ಟು ಹೊಸ ಪೆಟ್ರೋಲ್-ಗಾಳಿಯೂ ಹೊರಗೆ ಚೆಲ್ಲುತ್ತೆ. ಆಗ ಕಿರಿದಾಗುವ ಕೋನಿಗೆ ಬಡಿದು ವಾಪಸ್ ಬಂದ ಅಲೆ, ಬಾಗಿಲು ಮುಚ್ಚೋ ಮುಂಚೆ ಅದನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತೆ. ಬೆಲ್ಟಿಲ್ಲ, ತಿರುಗೋ ಭಾಗ ಒಂದೂ ಇಲ್ಲ.

ಎಲ್ಲಾ ಟೈಮಿಂಗ್ ಮೇಲೆ ನಿಂತಿರೋದರಿಂದ ಉದ್ದ ಮುಖ್ಯ. ಉದಾಹರಣೆಗೆ ಬಾಗಿಲು 160 ಡಿಗ್ರಿ ತೆರೆದಿರುತ್ತೆ, ನಮಗೆ 5500 ಆರ್‌ಪಿಎಂನಲ್ಲಿ ಶಕ್ತಿ ಬೇಕು ಅಂತಿಟ್ಟುಕೊಳ್ಳಿ. ತೆರೆದಿರುವ ಸಮಯ ಸುಮಾರು 4.8 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಹೋಗಿ ಬರೋಕೆ 2.4 ಮೀಟರ್, ಅಂದ್ರೆ ಕೊಳವೆ ಉದ್ದ 1.2 ಮೀಟರ್. ಅದೇ 4500ಕ್ಕೆ ಬೇಕು ಅಂದ್ರೆ ಸುಮಾರು 1.5 ಮೀಟರ್. ಉದ್ದ ಆದಷ್ಟೂ ಕಡಿಮೆ ವೇಗದಲ್ಲಿ ಎಳೆತ.

ಇದನ್ನು ಮಾಡೋರು ಯಾರು? ಬೆಂಗಳೂರಲ್ಲಿ ಹುಡುಕಬೇಕಾಗಲಿಲ್ಲ. ನಮ್ಮ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೇಯಿಸೋ ಬ್ಯಾರನ್‌ಗಳಲ್ಲಿ ಬಿಸಿ ಹಾಯಿಸೋಕೆ ತಗಡಿನ ಪೈಪು ಇರುತ್ತಲ್ಲ, ಅದನ್ನು ಸುತ್ತಿ ಸುತ್ತಿ ಕೈ ಪಳಗಿದವರಿದ್ದಾರೆ. ಅಂಥ ಒಬ್ಬರ ಹತ್ತಿರ ರಟ್ಟಿನಲ್ಲಿ ಕತ್ತರಿಸಿದ ಅಳತೆ ಒಯ್ದೆ. 40 ಮಿ.ಮೀ.ನಿಂದ 100 ಮಿ.ಮೀ.ಗೆ ಅಗಲವಾಗುವ, 220 ಮಿ.ಮೀ. ಉದ್ದದ ಕೋನ್ ಬೇಕಾದರೆ 370 ಮತ್ತು 148 ಮಿ.ಮೀ. ತ್ರಿಜ್ಯದ ಎರಡು ಕಮಾನು ಎಳೆದು 48.6 ಡಿಗ್ರಿ ತುಂಡು ಕತ್ತರಿಸಬೇಕು. ಹೈಸ್ಕೂಲ್ ಗಣಿತ, ಅಷ್ಟೇ. ಅವರು ರಟ್ಟು ತಿರುಗಿಸಿ ನೋಡಿ, “ಸುತ್ತೋದು ನನ್ ಕೆಲ್ಸ ಬುಡಿ ಸಾರ್, ಅಳತೆ ತಪ್ಪಿದ್ರೆ ಮಾತ್ರ ನನ್ನ ಕೇಳ್ಬೇಡಿ” ಅಂದರು. ಒಂದು ಮಿ.ಮೀ. ತಗಡು, ಗ್ಯಾಸ್ ವೆಲ್ಡಿಂಗ್, ಎರಡು ಸೈಲೆನ್ಸರಿಗೆ ಎರಡು ಜೊತೆ.

ಅಪ್ಪ ಹಾಕಿದ ಷರತ್ತು ಒಂದೇ: “ಹಳೇದನ್ನ ಕೊಯ್ಯಂಗಿಲ್ಲ. ಬಿಚ್ಚಿ ಎತ್ತಿಡು.” ಹಾಗಾಗಿ ಹೊಸದನ್ನು ಹಳೇ ನಟ್ಟಿಗೇ ಕೂರೋ ಹಾಗೆ ಮಾಡಿಸಿದೆವು.

ಕೊಳವೆ ಹಾಕಿದ ತಕ್ಷಣ ಜೋರಾಗಿ ಓಡಿಸಬಾರದು. ಗಾಳಿ ಜಾಸ್ತಿ ತುಂಬಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸೀಜ್ ಆಗುತ್ತೆ. ಕಾರ್ಬ್ಯುರೇಟರ್‌ಗೆ ದೊಡ್ಡ ಜೆಟ್ ಹಾಕಿ, ಸ್ವಲ್ಪ ಓಡಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಬೇಕು. ತಿಳಿ ಕಂದು ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಅಪಾಯ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ರೂಪ ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕೇ ಹೊಸ ಕೊಳವೆ ನಮ್ಮ ಹೊಲದ ದಾರಿಗೆ ಮಾತ್ರ. ರಸ್ತೆಗೆ ಇಳಿಯುವಾಗ ಹಳೇ ಸೈಲೆನ್ಸರ್.

ಹೊಲದಲ್ಲಿ ಓಡಿಸಿದಾಗ ಇನ್ನೊಂದು ಗೊತ್ತಾಯ್ತು. ಹೊಸ ಕೊಳವೆಯಲ್ಲಿ ಗಾಡಿ ಮೇಲಿನ ಆರ್‌ಪಿಎಂನಲ್ಲಿ ಹಾರುತ್ತೆ, ಕೆಳಗೆ ಮಂಕು. ತಮ್ಮನಿಗೆ ಅದೇ ಖುಷಿ. ಹಿಂದೆ ಎರಡು ಮೂಟೆ ಹೇರಿ ಏರು ಹತ್ತಿಸಿದರೆ ಮಾತ್ರ ಉಸಿರು ಕಟ್ಟುತ್ತೆ. ಹಳೇ ಸೈಲೆನ್ಸರ್ ಹಾಕಿದರೆ ಅದೇ ಮೂಟೆ ಸಲೀಸಾಗಿ ಹತ್ತುತ್ತೆ. ಹಾಲಿನ ಕ್ಯಾನು, ಗೊಬ್ಬರದ ಚೀಲ ಹೇರಿಕೊಂಡು ಮಣ್ಣು ರಸ್ತೆಯಲ್ಲಿ ಅಪ್ಪ ಇಷ್ಟು ವರ್ಷ ಓಡಿಸಿದ್ದು ಅದರಲ್ಲೇ. ರೇಸಿನವರಿಗೆ ಬೇಡವಾದ ಗುಣವೇ ಅವರ ಹೊಟ್ಟೆಪಾಡಿಗೆ ಬೇಕಿತ್ತು.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಪ್ರಯೋಗ ಮಾಡಿ, ಕೊಯ್ಯಬೇಡಿ. ಮೂಲ ಭಾಗಗಳಿಗೆ ಎಣ್ಣೆ ಸವರಿ, ಗೋಣಿಚೀಲ ಸುತ್ತಿ ಅಟ್ಟದ ಮೇಲಿಡಿ. ಗುಜರಿಯವರು ಮೊನ್ನೆ ಮತ್ತೆ ಬಂದಿದ್ದರು. ಅಪ್ಪನೇ ಹೊರಗೆ ಹೋಗಿ ಮಾತಾಡಿ ಕಳಿಸಿದರು.